ದೇವರಾಜ ಅರಸು: ಮೈಸೂರಿನ ನಾಯಕ, ಕರಾವಳಿಯ ಒಕ್ಕಲಿಗೆ ಸಿಕ್ಕಿದ ಭೂಮಿ

ಮೈಸೂರಿಗೆ ಪ್ರವಾಸ ಹೋಗುವ ನಮ್ಮ ಧರ್ಮಕೇಂದ್ರಗಳ ಜನರು ಸಂತ ಫಿಲೋಮಿನಾ ದೇವಾಲಯವನ್ನು ಕಂಡು, ಅರಮನೆ ನೋಡಿ, ಸಂಜೆಗೆ ದೇವರಾಜ ಅರಸು ರಸ್ತೆಯಲ್ಲಿ ಸೀರೆ, ಬಟ್ಟೆ ಖರೀದಿಸಿ ಊರಿಗೆ ಮರಳುವುದು ವಾಡಿಕೆ. ಆ ರಸ್ತೆಯ ಹೆಸರಿನ ವ್ಯಕ್ತಿ ಯಾರೆಂದು ಯುವಜನರನ್ನು ಕೇಳಿದರೆ ಹಲವರು ಮೈಸೂರಿನ ಯಾವುದೋ ಮಹಾರಾಜರೆಂದೇ ತಿಳಿದಿರುತ್ತಾರೆ. ಆದರೆ ನಾವು ಮನೆ ಆಶೀರ್ವಾದಕ್ಕೆ ಹೋದಾಗ ಹಿರಿಯರು ತೋಟ, ಗದ್ದೆಗಳನ್ನು ತೋರಿಸಿ ಇದು ಡಿಕ್ಲರೇಶನಿನಲ್ಲಿ ಸಿಕ್ಕಿದ ಜಾಗ ಎಂದು ಹೇಳುತ್ತಾರಲ್ಲ, ಆ ಮಾತಿನ ಹಿಂದೆ ಇರುವುದು ಈ ಅರಸು ಅವರೇ.

ಡಿ. ದೇವರಾಜ ಅರಸು ಹುಟ್ಟಿದ್ದು 1915ರ ಆಗಸ್ಟ್ 20ರಂದು. ಊರು ಮೈಸೂರು ಜಿಲ್ಲೆಯ ಹುಣಸೂರು ತಾಲೂಕಿನ ಕಲ್ಲಹಳ್ಳಿ. ರಾಜಮನೆತನದೊಂದಿಗೆ ನಂಟಿದ್ದ ಅರಸು ಸಮುದಾಯದವರಾದರೂ ಸಂಖ್ಯೆಯಲ್ಲಿ ಆ ಸಮುದಾಯ ಬಹಳ ಚಿಕ್ಕದು. ಮೈಸೂರಿನ ಅರಸು ಬೋರ್ಡಿಂಗ್ ಶಾಲೆಯಲ್ಲಿ ಓದಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ವಿಜ್ಞಾನ ಪದವಿ ಪಡೆದ ಅವರು ಊರಿಗೆ ಹಿಂತಿರುಗಿ ಬೇಸಾಯಕ್ಕಿಳಿದರು. 1941ರಲ್ಲಿ ಮೈಸೂರು ಪ್ರಜಾಪ್ರತಿನಿಧಿ ಸಭೆಗೆ ಆಯ್ಕೆಯಾದರು. ಮರುವರ್ಷ ಕ್ವಿಟ್ ಇಂಡಿಯಾ ಚಳವಳಿಯಲ್ಲಿ ಸೆರೆಮನೆ ಕಂಡರು. 1952ರ ಮೊದಲ ಮಹಾಚುನಾವಣೆಯಿಂದ ಹುಣಸೂರಿನ ಜನ ಅವರನ್ನು ಮತ್ತೆ ಮತ್ತೆ ವಿಧಾನಸಭೆಗೆ ಕಳುಹಿಸಿದರು. ನಿಜಲಿಂಗಪ್ಪನವರ ಸಂಪುಟದಲ್ಲಿ ಸಚಿವರೂ ಆದರು. ಆದರೂ ಅವರು ಬಹುಕಾಲ ರಾಜ್ಯ ಕಾಂಗ್ರೆಸ್ಸಿನ ಎರಡನೆಯ ಸಾಲಿನಲ್ಲೇ ಇದ್ದರು. ಲಿಂಗಾಯತ, ಒಕ್ಕಲಿಗ ನಾಯಕರ ಹಿಡಿತದಲ್ಲಿದ್ದ ಪಕ್ಷದಲ್ಲಿ ಚಿಕ್ಕ ಸಮುದಾಯದವರಿಗೆ ಮುಂದಿನ ಸಾಲು ಸುಲಭವಾಗಿ ಸಿಗುತ್ತಿರಲಿಲ್ಲ.

1969ರಲ್ಲಿ ಕಾಂಗ್ರೆಸ್ ಒಡೆದಾಗ ರಾಜ್ಯದ ಘಟಾನುಘಟಿಗಳೆಲ್ಲ ನಿಜಲಿಂಗಪ್ಪನವರ ಕಡೆ ನಿಂತರು. ಅರಸು ಇಂದಿರಾ ಗಾಂಧಿಯವರ ಕಡೆಗೆ ಹೋದರು. 1972ರ ಮಾರ್ಚ್ 20ರಂದು ಮುಖ್ಯಮಂತ್ರಿಯಾದರು. 1973ರ ನವೆಂಬರ್ 1ರಂದು ಮೈಸೂರು ರಾಜ್ಯ ಕರ್ನಾಟಕವಾದದ್ದು ಅವರ ಕಾಲದಲ್ಲೇ.

ಇನ್ನು ನಮ್ಮ ಕರಾವಳಿಯ ವಿಷಯ. ಆಗಿನ ದಕ್ಷಿಣ ಕನ್ನಡದಲ್ಲಿ, ಅಂದರೆ ಇಂದಿನ ಉಡುಪಿಯೂ ಸೇರಿದ ಜಿಲ್ಲೆಯಲ್ಲಿ, ಉಳುವವನೊಬ್ಬ, ಧನಿಯೊಬ್ಬ ಎಂಬುದೇ ಸಾಮಾನ್ಯ ಸ್ಥಿತಿ. ಚಾಲಗೇಣಿ ಒಕ್ಕಲಿಗೆ ಜಾಗದಲ್ಲಿ ಯಾವ ಭದ್ರತೆಯೂ ಇರಲಿಲ್ಲ. ಬೆಳೆ ಬರಲಿ ಬಾರದಿರಲಿ, ಗೇಣಿಯ ಅಕ್ಕಿ ಮುಡಿ ಲೆಕ್ಕದಲ್ಲಿ ಧನಿಯ ಮನೆ ಮುಟ್ಟಬೇಕು. ಬಿಲ್ಲವರು, ಬಡ ಬಂಟರು ಮಾತ್ರವಲ್ಲ, ನಮ್ಮ ಕೊಂಕಣಿ ಕ್ರೈಸ್ತ ಕುಟುಂಬಗಳಲ್ಲಿಯೂ ಅನೇಕರು ಇಂತಹ ಒಕ್ಕಲುಗಳೇ. ಅರಸು ಸರಕಾರ ತಿದ್ದಿದ ಭೂಸುಧಾರಣಾ ಕಾಯ್ದೆ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಅಂದಿನಿಂದ ಗೇಣಿಗೆ ಕೊಟ್ಟ ಭೂಮಿಯೆಲ್ಲ ಸರಕಾರದ ವಶ. ಉಳುತ್ತಿದ್ದವನು 7ನೇ ನಂಬ್ರದ ಫಾರ್ಮಿನಲ್ಲಿ ಅರ್ಜಿ ಕೊಟ್ಟು ಹಕ್ಕು ಪಡೆಯಬೇಕು. ಅದೇ ನಮ್ಮ ಹಿರಿಯರ ಬಾಯಲ್ಲಿ ಡಿಕ್ಲರೇಶನ್ ಆಯಿತು.

ಅರ್ಜಿ ವಿಚಾರಿಸಲು ನ್ಯಾಯಾಲಯದ ಬದಲು ತಾಲೂಕಿಗೊಂದು ಭೂನ್ಯಾಯಮಂಡಳಿ ರಚನೆಯಾಯಿತು. ಅದರಲ್ಲಿ ಅಸಿಸ್ಟೆಂಟ್ ಕಮಿಷನರರ ಜೊತೆ ಊರಿನ ನಾಮಕರಣ ಸದಸ್ಯರು ಕುಳಿತರು. ಅವರಲ್ಲಿ ಒಬ್ಬರಾದರೂ ಪರಿಶಿಷ್ಟ ಜಾತಿ, ಪಂಗಡದವರಿರಬೇಕಿತ್ತು. ವಕೀಲರಿಗೆ ಅಲ್ಲಿ ಪ್ರವೇಶವಿರಲಿಲ್ಲ. ಓದು ಬಾರದ ಒಕ್ಕಲು ಧನಿಯ ಎದುರು ನಿಂತು ತಾನೇ ಮಾತಾಡಬೇಕಾಯಿತು. ಕಾಯ್ದೆಯ ಅತ್ಯಂತ ದೊಡ್ಡ ಬದಲಾವಣೆ ಇದೇ ಎಂದು ನಮ್ಮ ಅಭಿಪ್ರಾಯ. ರಾಜ್ಯದಲ್ಲಿ ಒಟ್ಟು ಸುಮಾರು 8 ಲಕ್ಷ ಅರ್ಜಿಗಳು ಬಂದವು. ಕರಾವಳಿ ಜಿಲ್ಲೆಗಳು ಅದರಲ್ಲಿ ಮುಂಚೂಣಿಯಲ್ಲಿದ್ದವು.

ನೋವೂ ಇತ್ತು. ದೇವಸ್ಥಾನ, ಮಠಗಳ ಹಾಗೆ ಇಗರ್ಜಿಗಳ ಗೇಣಿ ಭೂಮಿಯೂ ಹೋಯಿತು. ದೊಡ್ಡ ಧನಿಗಳಷ್ಟೇ ಅಲ್ಲ, ಎರಡು ಮುಡಿ ಗದ್ದೆಯ ಗೇಣಿಯಿಂದ ಜೀವಿಸುತ್ತಿದ್ದ ವಿಧವೆಯರೂ ಕಳೆದುಕೊಂಡರು. ಒಂದೇ ಧರ್ಮಕೇಂದ್ರದ, ಒಂದೇ ವಾಳೆಯ ಎರಡು ಕುಟುಂಬಗಳು ಮಂಡಳಿಯಲ್ಲಿ ಎದುರುಬದುರಾಗಿ, ಆಮೇಲೆ ಬಲಿಪೂಜೆಗೆ ಬಂದರೂ ಮಾತು ಬಿಟ್ಟ ಪ್ರಸಂಗಗಳು ಇಂದಿಗೂ ಹಿರಿಯರ ನೆನಪಿನಲ್ಲಿವೆ. ಗೇಣಿ ಚೀಟಿಯೂ ಇಲ್ಲದ ಕೂಲಿಯಾಳಿಗೆ ವಾಸದ ಮನೆಯಡಿ ಜಾಗ ದೊರೆಯಿತೇ ಹೊರತು ಗದ್ದೆ ಸಿಗಲಿಲ್ಲ.

ಎಲ್.ಜಿ. ಹಾವನೂರರ ಅಧ್ಯಕ್ಷತೆಯ ಹಿಂದುಳಿದ ವರ್ಗಗಳ ಆಯೋಗ 1972ರಲ್ಲಿ ನೇಮಕವಾಗಿ 1975ರಲ್ಲಿ ವರದಿ ನೀಡಿತು. ಮೀಸಲಾತಿಯ ಇಂದಿನ ಚೌಕಟ್ಟಿಗೆ ಅದೇ ಬುನಾದಿ.

ತುರ್ತು ಪರಿಸ್ಥಿತಿಯ ಮಾತನ್ನು ಬಿಟ್ಟು ಅರಸು ಅವರನ್ನು ಹೊಗಳುವುದು ಸರಿಯಲ್ಲ. ಮಂಗಳೂರು ಮೂಲದ, ಒಂದು ಕಾಲದಲ್ಲಿ ಬೆಂಗಳೂರಿನ ಸೆಮಿನರಿಯಲ್ಲಿ ಕಲಿತಿದ್ದ ಜಾರ್ಜ್ ಫೆರ್ನಾಂಡಿಸರು ಭೂಗತರಾಗಿದ್ದಾಗ, ಅವರ ಸುಳಿವಿಗಾಗಿ ತಮ್ಮ ಲಾರೆನ್ಸ್ ಅವರನ್ನು 1976ರ ಮೇ 1ರಂದು ಬೆಂಗಳೂರಿನಲ್ಲಿ ಹಿಡಿದು ಪೊಲೀಸರು ಚಿತ್ರಹಿಂಸೆ ನೀಡಿದರು. ಬೆಂಗಳೂರು ಜೈಲಿನಲ್ಲಿ ಅಸ್ತಮಾದಿಂದ ನರಳಿದ ನಟಿ ಸ್ನೇಹಲತಾ ರೆಡ್ಡಿ, ಬಿಡುಗಡೆಯಾದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ ತೀರಿಕೊಂಡರು. ಆ ಪೊಲೀಸರೂ ಆ ಜೈಲೂ ಅರಸು ಸರಕಾರದ್ದೇ. ಬಡವನಿಗೆ ಭೂಮಿ ಕೊಟ್ಟ ಸರಕಾರ ಇದಕ್ಕೂ ಉತ್ತರ ಹೇಳಬೇಕಿತ್ತು.

1977ರ ಡಿಸೆಂಬರ್ 31ರಂದು ಕೇಂದ್ರದ ಜನತಾ ಸರಕಾರ ಅವರ ಸರಕಾರವನ್ನು ವಜಾ ಮಾಡಿತು. ಭ್ರಷ್ಟಾಚಾರದ ಆರೋಪಗಳ ತನಿಖೆಗೆ ಗ್ರೋವರ್ ಆಯೋಗವೂ ನೇಮಕವಾಗಿತ್ತು. ಆದರೆ 1978ರ ಫೆಬ್ರವರಿಯ ಚುನಾವಣೆಯಲ್ಲಿ ಅರಸು ನೇತೃತ್ವದ ಇಂದಿರಾ ಕಾಂಗ್ರೆಸ್ 224ರಲ್ಲಿ 149 ಸ್ಥಾನ ಗೆದ್ದಿತು. ಅದೇ ನವೆಂಬರಿನಲ್ಲಿ ಇಂದಿರಾ ಗಾಂಧಿಯವರನ್ನು ಚಿಕ್ಕಮಗಳೂರಿನಿಂದ ಲೋಕಸಭೆಗೆ ಗೆಲ್ಲಿಸಿ ಕಳುಹಿಸಿದರು. ಎದುರು ಪಾಳೆಯದ ಪ್ರಚಾರಕ್ಕೆ ಬಂದವರು ಅದೇ ಜಾರ್ಜ್ ಫೆರ್ನಾಂಡಿಸ್!

ಒಂದು ವರ್ಷವೂ ಕಳೆಯುವ ಮೊದಲೇ, 1979ರಲ್ಲಿ, ಅರಸು ಮತ್ತು ಇಂದಿರಾ ಬೇರೆಯಾದರು. 1980ರ ಜನವರಿಯ ಲೋಕಸಭಾ ಚುನಾವಣೆಯಲ್ಲಿ ರಾಜ್ಯದ 28 ಸ್ಥಾನಗಳಲ್ಲಿ 27 ಇಂದಿರಾ ಕಾಂಗ್ರೆಸ್ಸಿಗೆ ಹೋದವು. ಅರಸು ಪಕ್ಷಕ್ಕೆ ಒಂದೂ ಇಲ್ಲ. ಭೂಮಿ ಪಡೆದ ಒಕ್ಕಲುಗಳೂ ಮತ ಹಾಕಿದ್ದು ಇಂದಿರಮ್ಮನಿಗೇ. ಶಾಸಕರು ಒಬ್ಬೊಬ್ಬರಾಗಿ ಪಕ್ಷ ಬದಲಿಸಿದರು, ಗುಂಡೂರಾವ್ ಮುಖ್ಯಮಂತ್ರಿಯಾದರು. ಅರಸು ಕ್ರಾಂತಿರಂಗ ಎಂಬ ಹೊಸ ಪಕ್ಷ ಕಟ್ಟಲು ಹೊರಟಿದ್ದಾಗಲೇ 1982ರ ಜೂನ್ 6ರಂದು ಬೆಂಗಳೂರಿನಲ್ಲಿ ನಿಧನರಾದರು. ಏಳು ತಿಂಗಳ ಬಳಿಕ ಜನತಾ ಪಕ್ಷ ಮತ್ತು ಕ್ರಾಂತಿರಂಗ ಸೇರಿ ರಾಜ್ಯದ ಮೊದಲ ಕಾಂಗ್ರೆಸ್ಸೇತರ ಸರಕಾರವನ್ನು ತಂದವು.