ಮಾರಿಸ್ ಸ್ಟೋಕ್ಸ್: ಮೂರೇ ವರ್ಷ ಆಡಿ ಹೆಸರು ಉಳಿಸಿದ ಆಟಗಾರ

ಬಾಸ್ಕೆಟ್‌ಬಾಲ್‌ನಲ್ಲಿ ಪವರ್ ಫಾರ್ವರ್ಡ್ ಎಂದರೆ ಬುಟ್ಟಿಯ ಬಳಿ ಮೈಬಲದಿಂದ ಆಡುವವ. ಬುಟ್ಟಿಗೆ ಬೀಳದೆ ಮರಳಿದ ಚೆಂಡನ್ನು ಹಿಡಿಯುವುದು, ಅಂದರೆ ರೀಬೌಂಡ್, ಅವನ ಮುಖ್ಯ ಕೆಲಸ. ಜೊತೆಗಾರನಿಗೆ ಚೆಂಡು ಕೊಟ್ಟು ಅಂಕ ಗಳಿಸಿಕೊಡುವ ಅಸಿಸ್ಟ್ ಸಾಮಾನ್ಯವಾಗಿ ಚುರುಕಾದ ಗಾರ್ಡ್‌ಗಳದ್ದು. ಈ ಎರಡನ್ನೂ ಒಬ್ಬನೇ ಮಾಡಬಲ್ಲ ಎಂದು 1950ರ ದಶಕದಲ್ಲೇ ತೋರಿಸಿದವರು ಅಮೆರಿಕದ ಮಾರಿಸ್ ಸ್ಟೋಕ್ಸ್.

1933ರ ಜೂನ್ 17ರಂದು ಪೆನ್ಸಿಲ್ವೇನಿಯಾ ರಾಜ್ಯದ ರ‍್ಯಾಂಕಿನ್‌ನಲ್ಲಿ ಜನಿಸಿದ ಅವರು ಲೊರೆಟ್ಟೊದ ಸೇಂಟ್ ಫ್ರಾನ್ಸಿಸ್ ಕಾಲೇಜಿನಲ್ಲಿ ಓದಿದರು. 1955ರಲ್ಲಿ ರೋಚೆಸ್ಟರ್ ರಾಯಲ್ಸ್ ತಂಡ ಸೇರಿ, ಮೊದಲ ಋತುವಿನಲ್ಲೇ ಎನ್‌ಬಿಎಯ ವರ್ಷದ ಹೊಸ ಆಟಗಾರ ಪ್ರಶಸ್ತಿ ಗಳಿಸಿದರು. 1957ರಲ್ಲಿ ತಂಡ ಸಿನ್ಸಿನಾಟಿಗೆ ಸ್ಥಳಾಂತರಗೊಂಡಿತು.

ಮೂರು ಋತುಗಳಲ್ಲಿ ಸ್ಟೋಕ್ಸ್ ಆಡಿದ್ದು 202 ಪಂದ್ಯ. ಪ್ರತಿ ಪಂದ್ಯಕ್ಕೆ ಸರಾಸರಿ 16.4 ಅಂಕ, 17.3 ರೀಬೌಂಡ್, 5.3 ಅಸಿಸ್ಟ್. 1957-58ರಲ್ಲಿ ಇಡೀ ಲೀಗ್‌ನಲ್ಲಿ ಅವರು ರೀಬೌಂಡ್‌ನಲ್ಲಿ ಎರಡನೆಯವರು, ಅಸಿಸ್ಟ್‌ನಲ್ಲಿ ಮೂರನೆಯವರು. ಬರೀ ಅಂಕ ನೋಡಿದರೆ ಅವರು ಹಲವರಲ್ಲಿ ಒಬ್ಬರು. ಮೂರೂ ಲೆಕ್ಕಗಳನ್ನು ಒಟ್ಟಿಗೆ ಇಟ್ಟು ನೋಡಿದಾಗಲೇ ಅವರ ಬಹುಮುಖ ಆಟದ ಬೆಲೆ ತಿಳಿಯುತ್ತದೆ.

1958ರ ಮಾರ್ಚ್ 12ರಂದು ಮಿನಿಯಾಪೊಲಿಸ್‌ನಲ್ಲಿ ಆಡುವಾಗ ಬಿದ್ದು ತಲೆ ನೆಲಕ್ಕೆ ಬಡಿದು ಪ್ರಜ್ಞೆ ತಪ್ಪಿತು. ಎಚ್ಚೆತ್ತು ಮತ್ತೆ ಆಟಕ್ಕಿಳಿದರು. ಮೂರು ದಿನಗಳ ನಂತರ ಡೆಟ್ರಾಯಿಟ್‌ನಲ್ಲೂ ಆಡಿ 12 ಅಂಕ, 15 ರೀಬೌಂಡ್ ಗಳಿಸಿದರು. ಮರಳುವಾಗ ವಿಮಾನದಲ್ಲೇ ಕಾಯಿಲೆ ಬಿದ್ದರು. ಮೆದುಳಿಗೆ ಆದ ಪೆಟ್ಟಿನಿಂದ ದೇಹ ಸ್ವಾಧೀನ ತಪ್ಪಿತು. ಬುದ್ಧಿ ಮಾತ್ರ ಚುರುಕಾಗಿಯೇ ಇತ್ತು. ಆಗ ವಯಸ್ಸು ಇನ್ನೂ 24.

ಆಸ್ಪತ್ರೆ ಖರ್ಚಿಗೆ ದಾರಿ ಇರಲಿಲ್ಲ. ಸಹ ಆಟಗಾರ ಜ್ಯಾಕ್ ಟ್ವೈಮನ್ ಕಾನೂನು ಪ್ರಕಾರ ಪೋಷಕರಾಗಿ ನಿಂತರು. ಸ್ಟೋಕ್ಸ್ ಕರಿಯರು, ಟ್ವೈಮನ್ ಬಿಳಿಯರು. ವರ್ಣಭೇದ ಇನ್ನೂ ಬಲವಾಗಿದ್ದ ಕಾಲವದು. ಟ್ವೈಮನ್ ಓಹಿಯೊ ರಾಜ್ಯದಿಂದ ಕಾರ್ಮಿಕರ ಪರಿಹಾರ ಕೊಡಿಸಿದರು, ನ್ಯೂಯಾರ್ಕ್ ರಾಜ್ಯದ ಕ್ಯಾಟ್ಸ್‌ಕಿಲ್ಸ್‌ನಲ್ಲಿ ವರ್ಷವರ್ಷವೂ ಸಹಾಯಾರ್ಥ ಪಂದ್ಯ ನಡೆಸಿದರು. ಮಾತು ಹೊರಡದ ದಿನಗಳಲ್ಲಿ ಇವರು ಅಕ್ಷರಗಳನ್ನು ಒಂದೊಂದಾಗಿ ಹೇಳುವರು, ಬೇಕಾದ ಅಕ್ಷರ ಬಂದಾಗ ಅವರು ಕಣ್ಣು ಮಿಟುಕಿಸುವರು.

1970ರ ಏಪ್ರಿಲ್ 6ರಂದು ಹೃದಯಾಘಾತದಿಂದ ಸ್ಟೋಕ್ಸ್ ತೀರಿಕೊಂಡರು. ಅವರ ಇಚ್ಛೆಯಂತೆ ಕಾಲೇಜಿನ ಆವರಣದಲ್ಲೇ ಸಮಾಧಿ ಮಾಡಲಾಯಿತು. 2004ರಲ್ಲಿ ಬಾಸ್ಕೆಟ್‌ಬಾಲ್ ಹಾಲ್ ಆಫ್ ಫೇಮ್ ಅವರ ಹೆಸರನ್ನು ಸೇರಿಸಿಕೊಂಡಿತು. 2013ರಿಂದ ಎನ್‌ಬಿಎ ವರ್ಷದ ಉತ್ತಮ ಸಹ ಆಟಗಾರನಿಗೆ ಕೊಡುವ ಪ್ರಶಸ್ತಿ ಟ್ವೈಮನ್–ಸ್ಟೋಕ್ಸ್ ಇಬ್ಬರ ಹೆಸರಿನಲ್ಲಿದೆ.