ಬೋಲ್ಟಿನ ಜಾಗ ಗೊತ್ತಿದ್ದ ಎಂಜಿನಿಯರ್: ಫಜ್ಲುರ್ ರಹಮಾನ್ ಖಾನ್

ಎಂಜಿನಿಯರಿಂಗ್ ಓದಲು, ಆಮೇಲೆ ಕೆಲಸಕ್ಕೆ ಅಂತ ಕರಾವಳಿಯ ನಮ್ಮ ಮನೆಗಳಿಂದ ಬೆಂಗಳೂರು ಸೇರಿದ ಮಕ್ಕಳು ಈಗ ಕಡಿಮೆಯೇನಿಲ್ಲ. ಕೆಂಗೇರಿ, ವಿಜಯನಗರ, ಬಸವೇಶ್ವರನಗರ, ರಾಜಾಜಿನಗರದ ಕಡೆ ರೂಮು ಮಾಡಿಕೊಂಡವರೂ ಅದರಲ್ಲಿದ್ದಾರೆ. ಕೆಲವರ ಕೆಲಸ ಏನು ಅಂತ ಕೇಳಿದರೆ ಮನೆಯ ಹಿರಿಯರಿಗೆ ಅರ್ಥವಾಗುವುದು ಕಷ್ಟ. ಎರಡು ಉಕ್ಕಿನ ಫಲಕ, ಅವನ್ನು ಹಿಡಿದಿಡುವ ನಾಲ್ಕು ಬೋಲ್ಟ್. ಅದನ್ನು ಕಂಪ್ಯೂಟರಿನಲ್ಲಿ ಸಾವಿರಾರು ಸಣ್ಣ ತುಂಡುಗಳಾಗಿ ಮಾಡಿ, ಯಾವ ತುಂಡಿಗೆ ಎಷ್ಟು ಸ್ಟ್ರೆಸ್ ಬೀಳ್ತದೆ ಅಂತ ಲೆಕ್ಕ ಹಾಕಿ, ಕೆಂಪು, ಹಳದಿ, ನೀಲಿ ಬಣ್ಣದಲ್ಲಿ ನೋಡುವ ಕೆಲಸ ಅದು. ಅದಕ್ಕೆ ಫೈನೈಟ್ ಎಲಿಮೆಂಟ್ ವಿಧಾನ ಅಂತ ಹೆಸರು.

ಇಷ್ಟು ಸಣ್ಣ ಬೋಲ್ಟಿಗೆ ಇಷ್ಟು ದೊಡ್ಡ ಲೆಕ್ಕ ಯಾಕೆ? ಈ ಪ್ರಶ್ನೆಗೆ ಒಬ್ಬ ಮನುಷ್ಯನ ಬದುಕಿನಲ್ಲೇ ಉತ್ತರ ಸಿಗುತ್ತದೆ. ಅದಕ್ಕಾಗಿ ಈ ವಾರ ನಾವು ಫಜ್ಲುರ್ ರಹಮಾನ್ ಖಾನರನ್ನು ನೆನೆಯುತ್ತಿದ್ದೇವೆ. ಜಗತ್ತಿನ ಎತ್ತರದ ಕಟ್ಟಡಗಳ ಲೆಕ್ಕಾಚಾರವನ್ನೇ ಬದಲಿಸಿದ ಬಂಗಾಳಿ ಎಂಜಿನಿಯರ್ ಅವರು.

ಖಾನ್ ಹುಟ್ಟಿದ್ದು 1929ರ ಏಪ್ರಿಲ್ 3ರಂದು, ಢಾಕಾದಲ್ಲಿ. ತಂದೆ ಅಬ್ದುರ್ ರಹಮಾನ್ ಖಾನ್ ಗಣಿತದ ಮೇಷ್ಟ್ರು, ಪಠ್ಯಪುಸ್ತಕ ಬರೆದವರು. ಮಗನಿಗೆ ಭೌತಶಾಸ್ತ್ರದ ಕಡೆ ಒಲವಿತ್ತು. ಎಂಜಿನಿಯರಿಂಗ್ ಕಡೆ ತಿರುಗಿಸಿದ್ದು ತಂದೆಯೇ. ಕಲ್ಕತ್ತ ಪಕ್ಕದ ಶಿಬ್‌ಪುರದ ಬಂಗಾಳ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದು ನಡೆದಿತ್ತು. 1950ರ ಗಲಭೆಯ ದಿನಗಳಲ್ಲಿ ಅಲ್ಲಿಂದ ಊರಿಗೆ ಮರಳಬೇಕಾಯಿತು. ಢಾಕಾದ ಅಹ್ಸಾನುಲ್ಲಾ ಎಂಜಿನಿಯರಿಂಗ್ ಕಾಲೇಜಿನಲ್ಲಿ ಪದವಿ ಮುಗಿಸಿದರು.

1952ರಲ್ಲಿ ಫುಲ್‌ಬ್ರೈಟ್ ವಿದ್ಯಾರ್ಥಿವೇತನ ಸಿಕ್ಕಿ ಅಮೆರಿಕಕ್ಕೆ ಹೋದರು. ಅರ್ಬಾನಾದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಮೂರೇ ವರ್ಷದಲ್ಲಿ ಎರಡು ಸ್ನಾತಕೋತ್ತರ ಪದವಿ, ಮೇಲೊಂದು ಡಾಕ್ಟರೇಟ್ ಪಡೆದರು. ಆ ವಿಶ್ವವಿದ್ಯಾಲಯಕ್ಕೂ ಬೋಲ್ಟಿಗೂ ಹಳೆಯ ನಂಟು. ಅದುವರೆಗೆ ಸೇತುವೆ, ಕಟ್ಟಡಗಳ ಉಕ್ಕನ್ನು ಕಾಸಿ ಬಡಿದ ರಿವೆಟ್‌ಗಳಿಂದ ಜೋಡಿಸುತ್ತಿದ್ದರು. ಗಟ್ಟಿ ಉಕ್ಕಿನ ಬೋಲ್ಟನ್ನು ಚೆನ್ನಾಗಿ ಬಿಗಿದರೆ ಮತ್ತೆ ಮತ್ತೆ ಬೀಳುವ ಭಾರಕ್ಕೆ ಅದು ರಿವೆಟ್ಟಿನಷ್ಟೇ ಬಾಳಿಕೆ ಬರುತ್ತದೆ ಎಂಬುದನ್ನು 1938ರ ಹೊತ್ತಿಗೇ ಅಲ್ಲಿ ಪರೀಕ್ಷೆ ಮಾಡಿ ತೋರಿಸಿದ್ದರು. ಖಾನ್ ಅಲ್ಲಿ ಓದುತ್ತಿದ್ದ ವರ್ಷಗಳಲ್ಲೂ ಬೋಲ್ಟ್ ಜೋಡಣೆಗಳ ಮೇಲೆ ಪ್ರಯೋಗ ನಡೆಯುತ್ತಲೇ ಇತ್ತು.

ಬೋಲ್ಟಿನ ಗುಟ್ಟು ಇದು. ನಾವು ಸಾಮಾನ್ಯವಾಗಿ ಬೋಲ್ಟ್ ಅಂದರೆ ಎರಡು ಫಲಕಗಳ ನಡುವೆ ಅಡ್ಡ ನಿಂತ ಮೊಳೆ ಅಂದುಕೊಳ್ತೇವೆ. ಹಾಗಲ್ಲ. ನಟ್ಟು ತಿರುಗಿಸಿ ಬಿಗಿದಾಗ ಬೋಲ್ಟ್ ಸ್ವಲ್ಪ ಹಿಗ್ಗುತ್ತದೆ, ರಬ್ಬರಿನ ಹಾಗೆ ಮರಳಿ ಕುಗ್ಗಲು ನೋಡುತ್ತದೆ, ಆ ಬಲದಿಂದ ಫಲಕಗಳನ್ನು ಒಂದಕ್ಕೊಂದು ಒತ್ತಿ ಹಿಡಿಯುತ್ತದೆ. ಎಳೆತ ಬಂದಾಗ ಮೊದಲು ತಡೆಯುವುದು ಫಲಕಗಳ ನಡುವಿನ ಘರ್ಷಣೆ. ಅದೇ ಬೋಲ್ಟಿಗಾಗಿ ಕೊರೆದ ತೂತು ಮಾತ್ರ ಫಲಕದ ಬಲಹೀನ ಜಾಗ. ಎಳೆತಕ್ಕೆ ಸಿಕ್ಕ ಅಗಲವಾದ ಫಲಕದಲ್ಲಿ ಒಂದು ದುಂಡು ತೂತಿದ್ದರೆ ಅದರ ಅಂಚಿನಲ್ಲಿ ಸ್ಟ್ರೆಸ್ ಮೂರು ಪಟ್ಟಾಗುತ್ತದೆ. 1898ರಲ್ಲೇ ಜರ್ಮನಿಯ ಕಿರ್ಷ್ ಇದನ್ನು ಲೆಕ್ಕ ಹಾಕಿ ತೋರಿಸಿದ್ದರು. ಇನ್ನು ಉದ್ದಕ್ಕೆ ಸಾಲಾಗಿ ಬೋಲ್ಟ್ ಹಾಕಿದರೆ ಎಲ್ಲವೂ ಸಮನಾಗಿ ಭಾರ ಹೊರುವುದಿಲ್ಲ. ತುದಿಯವು ಹೆಚ್ಚು ಹೊರುತ್ತವೆ, ನಡುವಿನವು ಕಡಿಮೆ.

ಇದನ್ನೆಲ್ಲ ಕೈಲೆಕ್ಕದಲ್ಲಿ ಪೂರ್ತಿ ಹಿಡಿಯುವುದು ಕಷ್ಟ. ಅದಕ್ಕೇ ಫೈನೈಟ್ ಎಲಿಮೆಂಟ್ ಬೇಕಾಯಿತು. ವಿಮಾನದ ರೆಕ್ಕೆಗಳ ಲೆಕ್ಕಕ್ಕಾಗಿ 1950ರ ದಶಕದಲ್ಲಿ ಬೆಳೆದ ಈ ವಿಧಾನಕ್ಕೆ 1960ರಲ್ಲಿ ಹೆಸರಿಟ್ಟದ್ದು ಅಮೆರಿಕದ ರೇ ಕ್ಲಫ್. ತುಂಡುಗಳ ಈ ಜಾಲಕ್ಕೆ ಮೆಶ್ ಅಂತಾರೆ. ನಮ್ಮ ಮೀನುಗಾರರಿಗೆ ಹೇಳಿಕೊಡಬೇಕಿಲ್ಲ, ಬಲೆಯ ಕಣ್ಣು ದೊಡ್ಡದಾದರೆ ಸಣ್ಣ ಮೀನು ತಪ್ಪಿಸಿಕೊಳ್ತದೆ. ಹಾಗೆಯೇ ತೂತಿನ ಅಂಚಿನಲ್ಲಿ ಮೆಶ್ ದೊಡ್ಡದಿದ್ದರೆ ಅಲ್ಲಿನ ಏರಿದ ಸ್ಟ್ರೆಸ್ ಲೆಕ್ಕಕ್ಕೆ ಸಿಗುವುದೇ ಇಲ್ಲ.

ಖಾನ್ 1955ರಲ್ಲಿ ಷಿಕಾಗೋದ ಸ್ಕಿಡ್ಮೋರ್, ಓವಿಂಗ್ಸ್ ಆಂಡ್ ಮೆರಿಲ್ ಸಂಸ್ಥೆ ಸೇರಿದರು. ನಡುವೆ ಊರ ಕಡೆ ಮರಳಿ ಕರಾಚಿಯಲ್ಲಿ ಕೆಲಸ ಮಾಡಿ, 1960ರಲ್ಲಿ ಮತ್ತೆ ಷಿಕಾಗೋಗೆ ಹೋದರು. ಆಗಿನ ಎತ್ತರದ ಕಟ್ಟಡಗಳಿಗೆ ದೊಡ್ಡ ಶತ್ರು ಗಾಳಿ. ಮಹಡಿ ಏರಿದಂತೆ ಗಾಳಿ ತಡೆಯಲೆಂದೇ ಉಕ್ಕು ಸುರಿಯಬೇಕಿತ್ತು. ಖಾನ್ ಬೇರೆ ದಾರಿ ಹಿಡಿದರು. ಬಿದಿರನ್ನು ನೋಡಿ, ಅದರ ಬಲವೆಲ್ಲ ಹೊರಗಿನ ಗೋಡೆಯಲ್ಲಿದೆ, ಒಳಗೆ ಟೊಳ್ಳು. ಕಟ್ಟಡವೂ ಹಾಗೇ ಇರಲಿ, ಹೊರಗಿನ ಕಂಬಗಳನ್ನು ಹತ್ತಿರ ಹತ್ತಿರ ನಿಲ್ಲಿಸಿ ಇಡೀ ಕಟ್ಟಡವನ್ನೇ ಒಂದು ಕೊಳವೆ ಮಾಡೋಣ ಎಂಬುದು ಅವರ ಯೋಚನೆ. 1969ರಲ್ಲಿ ಎದ್ದ 100 ಮಹಡಿಯ ಜಾನ್ ಹ್ಯಾನ್‌ಕಾಕ್ ಕಟ್ಟಡ ಇದೇ ಯೋಚನೆಯ ಫಲ. ನ್ಯೂಯಾರ್ಕಿನ ಎಂಪೈರ್ ಸ್ಟೇಟ್ ಕಟ್ಟಡಕ್ಕೆ ಚದರ ಮೀಟರಿಗೆ ಸುಮಾರು 206 ಕಿಲೋ ಉಕ್ಕು ಹಿಡಿದಿದ್ದರೆ, ಇಲ್ಲಿ ಸುಮಾರು 145 ಕಿಲೋ ಸಾಕಾಯಿತು. ಕಂಬ, ತೊಲೆ, ಓರೆ ಪಟ್ಟಿಗಳ ಈ ಚೌಕಟ್ಟಿನ ಲೆಕ್ಕಕ್ಕೆ ಆ ಕಾಲದಲ್ಲೇ ಕಂಪ್ಯೂಟರ್ ಬಳಸಿದ್ದರು.

ಆದರೆ ಕಂಪ್ಯೂಟರ್ ಹೇಳಿದ್ದಕ್ಕೇ ಖಾನ್ ನಿಲ್ಲಲಿಲ್ಲ. ಗಾಳಿಗೆ ಕಟ್ಟಡ ಎಷ್ಟು ಅಲ್ಲಾಡ್ತದೆ ಅಂತ ಲೆಕ್ಕ ಹೇಳಬಹುದು. ಎಷ್ಟು ಅಲ್ಲಾಡಿದರೆ ಒಳಗಿನವರಿಗೆ ತಲೆ ತಿರುಗ್ತದೆ ಅಂತ ಹೇಳುವವರು ಯಾರು? ಷಿಕಾಗೋದ ವಿಜ್ಞಾನ ವಸ್ತುಸಂಗ್ರಹಾಲಯದಲ್ಲಿ ನಿಧಾನವಾಗಿ ಚಲಿಸುವ ಒಂದು ಪ್ರದರ್ಶನ ವೇದಿಕೆ ಇತ್ತು. ಅದರ ಮೇಲೆ ಜನರನ್ನು ಕೂರಿಸಿ, ನಿಲ್ಲಿಸಿ, ಮಲಗಿಸಿ ಪರೀಕ್ಷೆ ಮಾಡಿದರು.

ಬೋಲ್ಟಿನ ಕಥೆ ಪೂರ್ತಿಯಾಗುವುದು ಸಿಯರ್ಸ್ ಟವರಿನಲ್ಲಿ. ವಾಸ್ತುಶಿಲ್ಪಿ ಬ್ರೂಸ್ ಗ್ರಹಾಂ ಜೊತೆ ಖಾನ್ ರೂಪಿಸಿದ 110 ಮಹಡಿ, 442 ಮೀಟರ್ ಎತ್ತರದ ಈ ಗೋಪುರ 1998ರವರೆಗೆ ಜಗತ್ತಿನಲ್ಲೇ ಎತ್ತರದ್ದು. ಒಂಬತ್ತು ಚೌಕ ಕೊಳವೆಗಳನ್ನು ಕಟ್ಟು ಮಾಡಿ ನಿಲ್ಲಿಸಿದ ಹಾಗೆ ಅದರ ರಚನೆ. ಅಷ್ಟೆತ್ತರದಲ್ಲಿ ಗಾಳಿಗೆ ಮೈಯೊಡ್ಡಿ ವೆಲ್ಡಿಂಗ್ ಮಾಡುವುದು ಕಷ್ಟ, ಅದರ ಗುಣವನ್ನು ಪರೀಕ್ಷಿಸುವುದು ಇನ್ನೂ ಕಷ್ಟ. ಅದಕ್ಕೆ ಎರಡು ಮಹಡಿ ಎತ್ತರದ ಒಂದು ಕಂಬ, ಅದರ ಎರಡೂ ಬದಿಗೆ ಅರ್ಧರ್ಧ ತೊಲೆ, ಹೀಗೆ ಮರದ ಆಕಾರದ ತುಂಡುಗಳನ್ನು ಕಾರ್ಖಾನೆಯಲ್ಲೇ ವೆಲ್ಡ್ ಮಾಡಿ ತಂದರು. ಮೇಲೆ ಏರಿಸಿದ ಮೇಲೆ ಪಕ್ಕದ ಅರ್ಧ ತೊಲೆಗೆ ಬೋಲ್ಟ್ ಹಾಕಿ ಜೋಡಿಸಿದರು.

ಜೋಡಣೆ ತೊಲೆಯ ನಡುಮಧ್ಯಕ್ಕೇ ಬಂತು, ಯಾಕೆ? ಗಾಳಿ ಬದಿಯಿಂದ ತಳ್ಳಿದಾಗ ಇಂಥ ತೊಲೆ ಒಂದು ತುದಿಯಲ್ಲಿ ಮೇಲಕ್ಕೆ, ಇನ್ನೊಂದು ತುದಿಯಲ್ಲಿ ಕೆಳಕ್ಕೆ ಬಾಗುತ್ತದೆ. ಬಾಗುವಿಕೆ ದಿಕ್ಕು ಬದಲಿಸುವ ನಡುವಿನ ಜಾಗದಲ್ಲಿ ಅದು ಹೆಚ್ಚುಕಡಿಮೆ ಸೊನ್ನೆ. ಅಲ್ಲಿ ಬೋಲ್ಟಿಗೆ ಉಳಿಯುವುದು ಮುಖ್ಯವಾಗಿ ಕತ್ತರಿಸುವ ಬಲ ಮಾತ್ರ. ದೊಡ್ಡ ಬಾಗುವಿಕೆ ಇರುವ ಮೂಲೆಯನ್ನು ಕಾರ್ಖಾನೆಯ ವೆಲ್ಡಿಂಗಿಗೆ ಬಿಟ್ಟು, ಹಗುರ ಜಾಗವನ್ನು ಬೋಲ್ಟಿಗೆ ಕೊಟ್ಟರು. ಹಂಚಿನ ಮಾಡಿಗೆ ಪಕ್ಕಾಸು ಜೋಡಿಸುವ ನಮ್ಮ ಆಚಾರಿಗಳಿಗೂ ಗಂಟು ಎಲ್ಲಿ ಬರಬೇಕು, ಎಲ್ಲಿ ಬರಬಾರದು ಅಂತ ಗೊತ್ತಿರುತ್ತದೆ. ಖಾನ್ ಮಾಡಿದ್ದೂ ಅದೇ ಜಾತಿಯ ವಿವೇಕ. ಜೋಡಣೆ ಗಟ್ಟಿಯಾಗಿದೆಯಾ ಅಂತ ಕಂಪ್ಯೂಟರ್ ಹೇಳಬಹುದು, ಜೋಡಣೆ ಎಲ್ಲಿರಬೇಕು ಅಂತ ಮೊದಲು ಯೋಚಿಸುವವನು ಮನುಷ್ಯ.

ಜೋಡಣೆಯಲ್ಲಿ ತಪ್ಪಿದರೆ ಏನಾಗ್ತದೆ ಎಂಬುದಕ್ಕೆ ಖಾನ್ ಬದುಕಿದ್ದಾಗಲೇ ಒಂದು ದುರಂತ ನಡೆಯಿತು. 1981ರ ಜುಲೈ 17ರಂದು ಅಮೆರಿಕದ ಕನ್ಸಾಸ್ ಸಿಟಿಯ ಒಂದು ಹೋಟೆಲಿನಲ್ಲಿ ಒಂದರ ಕೆಳಗೊಂದು ತೂಗು ಹಾಕಿದ್ದ ಎರಡು ನಡೆದಾರಿಗಳು ಕುಸಿದವು, 114 ಜನ ಸತ್ತರು. ಅದು ಖಾನರ ಕಟ್ಟಡವಲ್ಲ. ಮೊದಲಿನ ನಕ್ಷೆಯಲ್ಲಿ ಒಂದೇ ಉಕ್ಕಿನ ಸರಳು ಎರಡೂ ನಡೆದಾರಿಗಳನ್ನು ಹೊರುವಂತಿತ್ತು. ಕಟ್ಟುವಾಗ ಅದನ್ನು ಎರಡು ಸರಳು ಮಾಡಿದರು. ಕೆಳಗಿನ ನಡೆದಾರಿ ಮೇಲಿನದಕ್ಕೆ ಜೋತುಬಿತ್ತು, ಮೇಲಿನ ತೊಲೆಯ ಕೆಳಗಿದ್ದ ನಟ್ಟಿನ ಮೇಲೆ ಭಾರ ಎರಡು ಪಟ್ಟಾಯಿತು. ಒಂದು ಸಣ್ಣ ಬದಲಾವಣೆ, ಯಾರೂ ಮತ್ತೆ ಲೆಕ್ಕ ಹಾಕಲಿಲ್ಲ.

ಖಾನ್ ಕಟ್ಟಡದೊಳಗೇ ಮುಳುಗಿದ್ದ ಮನುಷ್ಯನೂ ಅಲ್ಲ. 1971ರಲ್ಲಿ ತನ್ನ ಹುಟ್ಟೂರು ಯುದ್ಧದಲ್ಲಿ ಬೇಯುತ್ತಿದ್ದಾಗ ಷಿಕಾಗೋದಲ್ಲಿ ಪರಿಹಾರ ಸಂಘಟನೆ ಕಟ್ಟಿ, ಹಣ ಕೂಡಿಸಿ, ಅಮೆರಿಕದ ನಾಯಕರ ಬಾಗಿಲು ತಟ್ಟಿದರು.

ಅವರ ಕೊನೆಯ ದೊಡ್ಡ ಕೆಲಸಗಳಲ್ಲೊಂದು ನಮ್ಮ ಹಾಜಿಗಳಿಗೆ ಪರಿಚಿತ. ಜಿದ್ದಾ ವಿಮಾನ ನಿಲ್ದಾಣದ ಹಜ್ ಟರ್ಮಿನಲ್. 45 ಮೀಟರ್ ಚೌಕದ 210 ಬಟ್ಟೆಯ ಡೇರೆಗಳು, ಉಕ್ಕಿನ ಕಂಬಗಳಿಂದ ತಂತಿಯಲ್ಲಿ ತೂಗಿವೆ. ಬಟ್ಟೆ, ತಂತಿಗಳು ಭಾರ ಬಿದ್ದಂತೆ ಆಕಾರ ಬದಲಿಸುತ್ತವೆ, ಆಕಾರ ಬದಲಾದರೆ ಬಲವೂ ಬದಲಾಗುತ್ತದೆ. ಹಾಗಾಗಿ ಅದರ ಆಕಾರವನ್ನೇ ಕಂಪ್ಯೂಟರಿನಲ್ಲಿ ಮತ್ತೆ ಮತ್ತೆ ಲೆಕ್ಕ ಹಾಕಿ ಕಂಡುಕೊಳ್ಳಬೇಕಾಯಿತು. 1982ರ ಮಾರ್ಚ್ 27ರಂದು ಅದೇ ಜಿದ್ದಾದಲ್ಲಿ ಹೃದಯಾಘಾತದಿಂದ ಖಾನ್ ತೀರಿಕೊಂಡರು. 53 ತುಂಬಲು ಒಂದೇ ವಾರ ಬಾಕಿಯಿತ್ತು. ದಫನ್ ಆದದ್ದು ಷಿಕಾಗೋದಲ್ಲಿ. ಮರುವರ್ಷ ಟರ್ಮಿನಲ್‌ಗೆ ಆಗಾ ಖಾನ್ ವಾಸ್ತುಶಿಲ್ಪ ಪ್ರಶಸ್ತಿ ಬಂತು. ಮಗಳು ಯಾಸ್ಮಿನ್ ಸಬೀನಾ ಖಾನ್ ಕೂಡ ಎಂಜಿನಿಯರ್, ತಂದೆಯ ಕೆಲಸದ ಬಗ್ಗೆ ಪುಸ್ತಕ ಬರೆದಿದ್ದಾರೆ.

ಈ ವಿದ್ಯೆ ದೂರದ ಷಿಕಾಗೋದ್ದು ಮಾತ್ರ ಅಂತ ನಮ್ಮ ಮಕ್ಕಳು ತಿಳಿಯಬಾರದು. ರಾಜಾಜಿನಗರದಿಂದ ಹೆಚ್ಚು ದೂರವಿಲ್ಲದ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಕೆ. ರಾವ್, ಬಿ. ದತ್ತಗುರು, ಪಿ.ಡಿ. ಮಂಗಲಗಿರಿ ಇದೇ ಪ್ರಶ್ನೆಯನ್ನು ಹಿಡಿದು ಕೂತಿದ್ದರು. ಬೋಲ್ಟಿನಂಥ ಪಿನ್ನು ತೂತಿನ ಗೋಡೆಯನ್ನು ಎಷ್ಟು ಭಾಗ ಮುಟ್ಟಿಕೊಂಡಿರುತ್ತದೆ ಎಂಬುದು ಭಾರ ಏರಿದಂತೆ ಬದಲಾಗುತ್ತದೆ. ಆದ್ದರಿಂದ ಭಾರ ಎರಡು ಪಟ್ಟಾದರೆ ಸ್ಟ್ರೆಸ್ಸೂ ಸರಿಯಾಗಿ ಎರಡು ಪಟ್ಟು ಅಂತ ಹೇಳಲಾಗದು. ಈ ಜರುಗುವ ಸ್ಪರ್ಶವನ್ನು ಫೈನೈಟ್ ಎಲಿಮೆಂಟಿನಿಂದ ಲೆಕ್ಕ ಹಾಕುವ ಬಗೆಯನ್ನು ಅವರು 1984ರಲ್ಲಿ ಪ್ರಕಟಿಸಿದರು.

ಇಂದು ರಾಜಾಜಿನಗರದ ಅಂಚಿನಲ್ಲೂ ಗೋಪುರಗಳು ಎದ್ದಿವೆ. 2021ರಲ್ಲಿ ಮೆಟ್ರೊ ಕೆಂಗೇರಿಯವರೆಗೆ ಬಂತು. ಖಾನರ ಕಾಲದ ಕಂಪ್ಯೂಟರಿಗಿಂತ ಎಷ್ಟೋ ಪಟ್ಟು ಶಕ್ತಿಯ ಯಂತ್ರ ನಮ್ಮ ಮಕ್ಕಳ ಚೀಲದಲ್ಲಿದೆ. ಪರದೆಯ ಮೇಲೆ ಎಲ್ಲ ನೀಲಿ ಬಂದರೆ ಸಾಕು, ಕೆಲಸ ಮುಗಿಯಿತು ಅಂತ ಅನ್ನಿಸುವುದು ಸಹಜ. ಹಬ್ಬಕ್ಕೆ ಅವರು ಊರಿಗೆ ಬಂದಾಗ ಸಂಬಳ ಎಷ್ಟು ಅಂತ ಹೇಗೂ ಕೇಳ್ತೇವೆ. ಈ ಸಲ ಇನ್ನೂ ಎರಡು ಪ್ರಶ್ನೆ ಕೇಳೋಣ: ಬೋಲ್ಟನ್ನು ಅಲ್ಲೇ ಯಾಕೆ ಇಟ್ಟಿರಿ, ಕಂಪ್ಯೂಟರಿನ ಉತ್ತರವನ್ನು ಒಮ್ಮೆ ಕೈಲೆಕ್ಕದಲ್ಲೂ ನೋಡಿದಿರಾ? ಆ ಜೋಡಣೆಯ ಕೆಳಗೆ ನಾಳೆ ಜನ ನಡೆದಾಡುತ್ತಾರೆ.