ಫುಕುಜಾವಾ ಯುಕಿಚಿ

ಕಲಿತ ವಿದ್ಯೆ ನಾಳಿನ ಕೆಲಸಕ್ಕೆ ಒದಗುವುದೆ? ಪದವಿ ಪಡೆದು ಹೊರಬೀಳಲಿರುವ ನಮ್ಮನ್ನು ಕಾಡುವ ಈ ಪ್ರಶ್ನೆಗೆ ತಮ್ಮ ಬಾಳಿನಿಂದಲೇ ಉತ್ತರವಿತ್ತ ಮಹನೀಯರಲ್ಲಿ ಜಪಾನಿನ ಫುಕುಜಾವಾ ಯುಕಿಚಿ ಒಬ್ಬರು.

ಅವರು 1835ರಲ್ಲಿ ಒಸಾಕಾ ನಗರದಲ್ಲಿ, ಸಮುರಾಯ್ ಎಂಬ ಯೋಧವರ್ಗದ ಕೆಳದರ್ಜೆಯ ಮನೆತನವೊಂದರಲ್ಲಿ ಜನಿಸಿದರು. ತಂದೆ ವಿದ್ವಾಂಸರು, ಆದರೆ ಅವರ ಪಾಲಿಗೆ ಬಂದುದು ಒಡೆಯನ ಪರವಾಗಿ ವರ್ತಕರೊಡನೆ ಹಣದ ವ್ಯವಹಾರ ನಡೆಸುವ ಕೆಲಸ. ಲೆಕ್ಕವೆಂದರೆ ಅವರಿಗೆ ಎಷ್ಟು ತಾತ್ಸಾರವೆಂದರೆ, ಹಿರಿಯ ಮಕ್ಕಳಿಗೆ ಗುರುಗಳು ಎಣಿಕೆ ಕಲಿಸುತ್ತಿರುವರೆಂದು ತಿಳಿದೊಡನೆ ಪಾಠವನ್ನೇ ಬಿಡಿಸಿದರು. ಹುಟ್ಟಿದ ದರ್ಜೆಯಿಂದ ಮೇಲೇರುವ ದಾರಿ ಕಾಣದೆ 1836ರಲ್ಲಿ ಅವರು ತೀರಿಕೊಂಡರು.

ಆ ಕಾಲದಲ್ಲಿ ಜಪಾನಿನಲ್ಲಿ ವ್ಯಾಪಾರಕ್ಕೆ ಅನುಮತಿಯಿದ್ದ ಪಾಶ್ಚಾತ್ಯರೆಂದರೆ ಡಚ್ಚರು ಮಾತ್ರ. 1854ರಲ್ಲಿ ಯುಕಿಚಿ ಡಚ್ ಭಾಷೆ ಕಲಿಯಲು ನಾಗಸಾಕಿಗೆ ಹೋದರು. ಮರುವರ್ಷ ಒಸಾಕಾದಲ್ಲಿ ಒಗಾತಾ ಕೋಆನ್ ಎಂಬ ವೈದ್ಯರ ಶಾಲೆಯನ್ನು ಸೇರಿದರು. ಅಲ್ಲಿದ್ದ ಕೈಬರಹದ ನಿಘಂಟಿಗಾಗಿ ವಿದ್ಯಾರ್ಥಿಗಳು ರಾತ್ರಿಯೆಲ್ಲ ಸರದಿ ಕಾಯುತ್ತಿದ್ದರು. ಕಠಿನ ವಾಕ್ಯಗಳ ಅರ್ಥವನ್ನು ಯಾರನ್ನೂ ಕೇಳದೆ ತಾವೇ ಬಿಡಿಸಬೇಕಾಗಿತ್ತು.

1858ರಲ್ಲಿ ಅವರು ಎದೋ ನಗರದಲ್ಲಿ, ಅಂದರೆ ಇಂದಿನ ಟೋಕಿಯೋದಲ್ಲಿ, ಡಚ್ ಪಾಠಶಾಲೆಯನ್ನು ತೆರೆದರು. ಮರುವರ್ಷ ಪರದೇಶೀಯರಿಗೆ ಹೊಸದಾಗಿ ತೆರೆದಿದ್ದ ಯೊಕೊಹಾಮಾ ಬಂದರಿಗೆ ನಡೆದುಹೋದಾಗ ಅವರಿಗೆ ದೊಡ್ಡ ಆಘಾತ ಕಾದಿತ್ತು. ಅಂಗಡಿಗಳ ಫಲಕಗಳನ್ನು ಓದಲಾಗಲಿಲ್ಲ. ಅಲ್ಲಿ ನಡೆಯುತ್ತಿದ್ದುದು ಇಂಗ್ಲಿಷ್. ಐದು ವರ್ಷಗಳ ದುಡಿಮೆ ಒಂದೇ ದಿನದಲ್ಲಿ ಕೆಲಸಕ್ಕೆ ಬಾರದಂತಾಯಿತು. ಅವರು ಮರುಗಿದರು, ಆದರೆ ಮರುದಿನವೇ ಇಂಗ್ಲಿಷ್ ಕಲಿಯಲು ನಿಶ್ಚಯಿಸಿದರು. ಡಚ್ ಕಲಿಯುವಾಗ ಬೆಳೆಸಿಕೊಂಡ ಅಭ್ಯಾಸವೇ ಆಗ ಕೈಹಿಡಿಯಿತು. 1860ರಲ್ಲಿ ಅಮೆರಿಕಕ್ಕೂ, 1862ರಲ್ಲಿ ಯೂರೋಪಿಗೂ ತೆರಳಿದ ನಿಯೋಗಗಳಲ್ಲಿ ಅವರಿದ್ದರು.

1868ರಲ್ಲಿ ಅವರ ಶಾಲೆಗೆ ಕೇಯೋ ಎಂಬ ಹೆಸರು ಬಂದಿತು. ಅದೇ ವರ್ಷ ನಗರದಲ್ಲಿ ಅಂತರ್ಯುದ್ಧದ ಫಿರಂಗಿಗಳು ಮೊಳಗುತ್ತಿದ್ದಾಗಲೂ ಅವರು ಅರ್ಥಶಾಸ್ತ್ರದ ಪಾಠವನ್ನು ನಿಲ್ಲಿಸಲಿಲ್ಲ. 1872ರಿಂದ ಪ್ರಕಟವಾದ ವಿದ್ಯಾಪ್ರೋತ್ಸಾಹಕ ಗ್ರಂಥದಲ್ಲಿ, ಮನುಷ್ಯನ ಮೇಲುಕೀಳು ಹುಟ್ಟಿನಿಂದಲ್ಲ, ಕಲಿಕೆಯಿಂದ ಎಂದೂ, ವಿದ್ಯೆ ನಿತ್ಯಜೀವನಕ್ಕೆ ಉಪಯುಕ್ತವಾಗಿರಬೇಕೆಂದೂ ಪ್ರತಿಪಾದಿಸಿದರು. 1873ರಲ್ಲಿ ಪಾಶ್ಚಾತ್ಯ ರೀತಿಯ ಲೆಕ್ಕಪತ್ರದ ಪುಸ್ತಕವೊಂದನ್ನು ಅನುವಾದಿಸಿ ಹೊರತಂದರು. ತಂದೆ ಹಳಿದ ವಿದ್ಯೆಯನ್ನೇ ಮಗ ನಾಡಿಗೆ ಕಲಿಸಿದನು!

1901ರಲ್ಲಿ ಅವರು ನಿಧನರಾದರು. 1984ರಿಂದ 2024ರವರೆಗೆ ಬಿಡುಗಡೆಯಾದ ಹತ್ತು ಸಾವಿರ ಯೆನ್ ನೋಟುಗಳ ಮೇಲೆ ಅವರ ಚಿತ್ರವಿತ್ತು.

ಮುಂದೆ ಜಪಾನಿನ ದೊಡ್ಡ ಕಂಪನಿಗಳು ಹೊಸ ಪದವೀಧರರನ್ನು ಸೇರಿಸಿಕೊಂಡು ಕೆಲಸವನ್ನು ತಾವೇ ಕಲಿಸುವ ಪದ್ಧತಿಯನ್ನು ಬೆಳೆಸಿದವು. ಅಲ್ಲಿಯೂ ಶಾಲೆಯಿಂದ ಬೇಕಾದುದು ಸಿದ್ಧ ಕಸುಬಿಗಿಂತ ಹೆಚ್ಚಾಗಿ ಕಲಿಯುವ ಶಕ್ತಿಯೇ. ನಾವು ಇಂದು ಓದುತ್ತಿರುವುದೂ ನಾಳೆ ಹಳತಾಗಬಹುದು. ಯೊಕೊಹಾಮಾದಿಂದ ನಿರಾಶನಾಗಿ ಹಿಂದಿರುಗಿದ ಆ ತರುಣನಂತೆ ಮತ್ತೆ ಮೊದಲಿನಿಂದ ತೊಡಗುವ ಧೈರ್ಯ ನಮ್ಮಲ್ಲಿದ್ದರೆ ನಮ್ಮ ಓದು ವ್ಯರ್ಥವಾಗದು.